ವಿಜ್ಞಾನದ ಕಾಲೇಜು: ಕಟ್ಟಡವಲ್ಲ, ಪ್ರಯೋಗದ ಪುಸ್ತಕ ನೋಡಿ

ಕಳೆದ ವರ್ಷ ಮೇ ತಿಂಗಳ ಒಂದು ಸಂಜೆ ದೊಮ್ಮಲೂರು ಬಡಾವಣೆಯ ನಮ್ಮ ಮನೆಗೆ ಹಿಂದಿನ ಬೀದಿಯ ಪರಿಚಿತರೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಖಾನೆಯೊಂದರಲ್ಲಿ ಅವರು ಮೇಲ್ವಿಚಾರಕರು. ಕೈಯಲ್ಲಿ ದಪ್ಪನೆಯ ಪ್ಲಾಸ್ಟಿಕ್ ಫೈಲು. ಅದರೊಳಗೆ ಹತ್ತು ಹನ್ನೆರಡು ಕಾಲೇಜುಗಳ ಬಣ್ಣಬಣ್ಣದ ಕೈಪಿಡಿಗಳು. ಹುಡುಗಿಗೆ ದ್ವಿತೀಯ ಪಿಯುಸಿಯಲ್ಲಿ ನೂರಕ್ಕೆ ತೊಂಬತ್ತಮೂರು ಅಂಕ. ಸಿಇಟಿಯಲ್ಲಿ ಬರುವ ಶ್ರೇಯಾಂಕಕ್ಕೆ ಎಲ್ಲಾದರೂ ಒಂದು ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕೇ ಸಿಗುತ್ತದೆಂಬುದು ತಂದೆಯ ಲೆಕ್ಕ. ಹುಡುಗಿಗೆ ಭೌತಶಾಸ್ತ್ರ ಓದುವ ಹಟ. ಒಂದು ವಾರದಿಂದ ಮನೆಯಲ್ಲಿ ಇದೇ ವಾಗ್ವಾದ.

‘ಬಿ.ಎಸ್‌ಸಿ. ಮಾಡಿ ಏನಾಗ್ತಾಳೆ ಸರ್? ನೀವಾದರೂ ಸ್ವಲ್ಪ ಹೇಳಿ’ ಎಂದರು ತಂದೆ. ಹುಡುಗಿ ಮಾತ್ರ ನನ್ನನ್ನು ಬೇರೆಯೇ ಪ್ರಶ್ನೆ ಕೇಳಿದಳು: ‘ತಾತ, ಈ ಹನ್ನೆರಡರಲ್ಲಿ ಯಾವುದು ಒಳ್ಳೆ ಕಾಲೇಜು ಅಂತ ಹೇಗೆ ಗೊತ್ತಾಗುತ್ತೆ?’

ತಂದೆಯ ಪ್ರಶ್ನೆಗೆ ಉತ್ತರ ಹೇಳುವವರು ಊರ ತುಂಬ ಇದ್ದಾರೆ. ಮಗಳ ಪ್ರಶ್ನೆಗೆ ಯಾರೂ ಇಲ್ಲ. ಎಂಜಿನಿಯರಿಂಗ್ ಕಾಲೇಜುಗಳ ಗುಣಾವಗುಣಗಳನ್ನು ಬೀದಿಯ ದಿನಸಿ ಅಂಗಡಿಯವರೂ ವಿವರಿಸಬಲ್ಲರು. ಬಿ.ಎಸ್‌ಸಿ.ಯ ಮಟ್ಟಿಗೆ ನಮ್ಮ ಮಧ್ಯಮ ವರ್ಗಕ್ಕೆ ತಿಳಿದಿರುವುದು ಎರಡೇ ಸಂಗತಿ: ಕಾಲೇಜಿನ ಹೆಸರು ಮತ್ತು ಅಲ್ಲಿ ಪ್ರವೇಶಕ್ಕೆ ಬೇಕಾಗುವ ಕನಿಷ್ಠ ಅಂಕ.

ವಿಚಿತ್ರವೆಂದರೆ ಈ ಅಜ್ಞಾನ ಮನೆಮಾಡಿರುವುದು ದೇಶದಲ್ಲೇ ಅತಿ ಹೆಚ್ಚು ವಿಜ್ಞಾನ ಸಂಸ್ಥೆಗಳಿರುವ ನಗರಗಳಲ್ಲೊಂದರಲ್ಲಿ. ನಮ್ಮ ಚೊಕ್ಕನಾಥಸ್ವಾಮಿ ದೇವಸ್ಥಾನವನ್ನು ಕೇಂದ್ರವಾಗಿಟ್ಟುಕೊಂಡು ನಕ್ಷೆಯ ಮೇಲೆ ಒಂದು ಸಣ್ಣ ವೃತ್ತ ಎಳೆದರೆ ಕೋಡಿಹಳ್ಳಿಯ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ವಿಮಾನಪುರದ ಉಪಗ್ರಹ ಕೇಂದ್ರ, ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ, ಎಲ್ಲವೂ ಅದರೊಳಗೇ ಬರುತ್ತವೆ. ವೃತ್ತವನ್ನು ಇನ್ನಷ್ಟು ಹಿಗ್ಗಿಸಿದರೆ ಭಾರತೀಯ ವಿಜ್ಞಾನ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ, ಜಿಕೆವಿಕೆ ಆವರಣದ ಎನ್‌ಸಿಬಿಎಸ್, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ. ಇಷ್ಟೊಂದು ವಿಜ್ಞಾನಿಗಳ ನೆರೆಯಲ್ಲಿದ್ದೂ ಹದಿನೇಳರ ಹುಡುಗಿಯೊಬ್ಬಳು ಕಾಲೇಜಿನ ವಿಚಾರ ಕೇಳಲು ಬಂದದ್ದು ನಿವೃತ್ತ ಅಧಿಕಾರಿಯೊಬ್ಬನ ಬಳಿಗೆ, ಅದೂ ಅರ್ಥಶಾಸ್ತ್ರ ಓದಿದವನ ಬಳಿಗೆ!

ಹಾಗೆ ನೋಡಿದರೆ ಅರ್ಥಶಾಸ್ತ್ರಕ್ಕೂ ಇಲ್ಲಿ ಹೇಳಲು ಒಂದು ಮಾತಿದೆ. 1970ರಲ್ಲಿ ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ಹಳೆಯ ಕಾರುಗಳ ಮಾರುಕಟ್ಟೆಯ ಬಗ್ಗೆ ಪ್ರಬಂಧವೊಂದನ್ನು ಬರೆದ. ಆ ಕೆಲಸಕ್ಕೆ 2001ರಲ್ಲಿ ಆತನಿಗೆ ನೊಬೆಲ್ ಪ್ರಶಸ್ತಿಯ ಪಾಲೂ ಬಂತು. ಮಾರುವವನಿಗೆ ಕಾರಿನ ಹುಳುಕು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಒಳ್ಳೆಯ ಕಾರಿಗೂ ಸರಾಸರಿ ಬೆಲೆಗಿಂತ ಹೆಚ್ಚು ಕೊಡಲಾರ. ಒಳ್ಳೆಯ ಕಾರಿನವನು ಆ ಬೆಲೆಗೆ ಮಾರಲೊಲ್ಲ. ಕೊನೆಗೆ ಸಂತೆಯಲ್ಲಿ ಉಳಿಯುವುದು ಹುಳುಕಿನ ಗಾಡಿಗಳೇ. ಕಾಲೇಜುಗಳ ಸಂತೆಯೂ ಇದಕ್ಕಿಂತ ಭಿನ್ನವಲ್ಲ. ಪ್ರಯೋಗಾಲಯಕ್ಕೆ ಹಣ ಹಾಕಿದ ಕಾಲೇಜಿನ ಶ್ರಮ ಹೊರಗಿನವರಿಗೆ ಕಾಣಿಸುವುದಿಲ್ಲ. ಸ್ವಾಗತ ಕೊಠಡಿಗೆ ಗ್ರಾನೈಟ್ ಹಾಕಿಸಿದವರದು ಕಾಣಿಸುತ್ತದೆ. ಹೀಗಿರುವಾಗ ಹಣ ಎಲ್ಲಿಗೆ ಹರಿಯುತ್ತದೆಂದು ಹೇಳಲು ಎಂ.ಎ. ಪದವಿ ಬೇಕಿಲ್ಲ.

ಇಲ್ಲಿ ನನ್ನದೇ ಒಂದು ಹಳೆಯ ಕಥೆ ಹೇಳಬೇಕು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಜಿಲ್ಲಾ ಕೇಂದ್ರವೊಂದರ ಕಾಲೇಜಿನಲ್ಲಿ ಬಿ.ಎಸ್‌ಸಿ.ಗೆ ಸೇರಿದ್ದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ಮೊದಲ ವರ್ಷದ ಪ್ರಯೋಗಗಳಲ್ಲಿ ಬಾರ್ ಪೆಂಡುಲಮ್ ಒಂದು. ಉದ್ದಕ್ಕೂ ರಂಧ್ರಗಳಿರುವ ಕಬ್ಬಿಣದ ಪಟ್ಟಿಯನ್ನು ತೂಗಲು ಬಿಟ್ಟು, ಆಂದೋಲನಗಳನ್ನು ಎಣಿಸಿ, ಗುರುತ್ವ ವೇಗೋತ್ಕರ್ಷ ಕಂಡುಹಿಡಿಯುವುದು. ಎರಡು ಮಧ್ಯಾಹ್ನ ಕೂತು ನಾನು ಎಣಿಸಿದೆ. ಉತ್ತರ 977 ಬಂತು. ಪುಸ್ತಕದಲ್ಲಿದ್ದದ್ದು 981. ರೆಕಾರ್ಡ್ ಪುಸ್ತಕ ನೋಡಿದ ಉಪನ್ಯಾಸಕರು ತಲೆಯೆತ್ತದೆ, ‘981 ಮಾಡಿಕೊಂಡು ಬಾ, ಸಹಿ ಹಾಕುತ್ತೇನೆ’ ಎಂದರು. ಹೇಗೆ ಮಾಡುವುದೆಂದು ನಾನು ಕೇಳಿದೆ. ಪಕ್ಕದಲ್ಲಿದ್ದ ಅಟೆಂಡರು ನಕ್ಕು ಹಿಂದಿನ ವರ್ಷದ ರೆಕಾರ್ಡೊಂದನ್ನು ಬೀರುವಿನಿಂದ ತೆಗೆದುಕೊಟ್ಟರು. ಆ ವರ್ಷವಿಡೀ ನಾನು ಮಾಡಿದ ವಿಜ್ಞಾನ ಅದೇ: ಬೀರುವಿನ ರೆಕಾರ್ಡ್ ನೋಡಿ ನಕಲು ಮಾಡುವುದು. ಮರುವರ್ಷ ಬಿ.ಎ.ಗೆ ಹೊರಟುಹೋದೆ.

ಇಪ್ಪತ್ತು ವರ್ಷಗಳ ತರುವಾಯ, ಸರಕಾರಿ ಕೆಲಸದ ನಿಮಿತ್ತ ಭೂವಿಜ್ಞಾನಿಯೊಬ್ಬರ ಜೊತೆ ಜೀಪಿನಲ್ಲಿ ಸುತ್ತುವಾಗ ಮಾತಿಗೆ ಮಾತು ಬಂದು ಈ ಪ್ರಸಂಗ ಹೇಳಿದೆ. ಅವರು ಗಟ್ಟಿಯಾಗಿ ನಕ್ಕರು. ಭೂಮಿ ಸಮಭಾಜಕದ ಬಳಿ ಉಬ್ಬಿದೆ, ತಿರುಗುತ್ತಲೂ ಇದೆ. ನಾವಿರುವುದೋ ಸಮಭಾಜಕಕ್ಕೆ ಹತ್ತಿರ, ಅದೂ ಸಾವಿರ ಮೀಟರಿಗೆ ಸಮೀಪದ ಎತ್ತರದ ಪ್ರಸ್ಥಭೂಮಿಯ ಮೇಲೆ. ಆದ್ದರಿಂದ ನಮ್ಮ ಕಡೆ ಈ ಮೌಲ್ಯ ಹೆಚ್ಚುಕಡಿಮೆ 978. ಪುಸ್ತಕದ 981 ಎಂಬುದು 1901ರಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವೊಂದು ಒಪ್ಪಿಕೊಂಡ 980.665 ಎಂಬ ರೂಢಿಯ ಸಂಖ್ಯೆಯ ದುಂಡು ರೂಪ. ಅಂದರೆ ನನ್ನ 977 ಪುಸ್ತಕಕ್ಕಿಂತ ನಿಜಕ್ಕೆ ಹತ್ತಿರವಿತ್ತು. ಕಾಲೇಜಿನ ಸ್ಟಾಪ್‌ವಾಚಿನಲ್ಲಿ ಅಷ್ಟು ನಿಖರತೆ ಸಾಧ್ಯವಿರಲಿಲ್ಲ, ಅದೃಷ್ಟವೇ ಇರಬೇಕು. ಆದರೆ ‘ಏಕೆ ಕಡಿಮೆ ಬಂತು’ ಎಂದು ಆ ಮೇಷ್ಟರು ಒಂದು ಮಾತು ಕೇಳಿದ್ದರೆ, ಹದಿನೆಂಟರ ಹುಡುಗನಿಗೆ ಆ ದಿನ ಭೂಮಿಯ ಆಕಾರವೇ ಗೋಚರಿಸುತ್ತಿತ್ತು. ಸೇವೆಯಲ್ಲಿ ನನಗೆ ಯಾವ ಕೊರತೆಯೂ ಆಗಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಆದರೂ ಆ ಸಹಿಯ ನೆನಪು ಈಗಲೂ ಚುಚ್ಚುತ್ತದೆ.

ಹುಡುಗಿಗೆ ನಾನು ಈ ಕಥೆ ಹೇಳಿ, ಕೈಪಿಡಿಗಳನ್ನು ಬದಿಗಿಟ್ಟು ಕಾಲೇಜುಗಳಿಗೇ ಹೋಗಿ ನೋಡೋಣ ಎಂದೆ. ಮುನ್ಸೂಚನೆಯಿಲ್ಲದ ತಪಾಸಣೆ ನನ್ನ ಹಳೆಯ ಕಸುಬು. ಉಪವಿಭಾಗಾಧಿಕಾರಿಯಾಗಿದ್ದಾಗ ಹಾಸ್ಟೆಲುಗಳಿಗೆ ಹೋದರೆ ಮೊದಲು ವಾರ್ಡನ್ ಕೊಠಡಿಗೆ ಕಾಲಿಡುತ್ತಿರಲಿಲ್ಲ. ನೇರ ಅಡುಗೆಮನೆಗೆ ಹೋಗಿ ಬೇಳೆಯ ಡಬ್ಬಿ ತೆರೆಯುತ್ತಿದ್ದೆ. ವಿಜ್ಞಾನದ ಕಾಲೇಜಿನ ಅಡುಗೆಮನೆಯೆಂದರೆ ಪ್ರಯೋಗಾಲಯ. ಹೋಗಬೇಕಾದದ್ದು ಪ್ರವೇಶಾತಿ ಮೇಳದ ದಿನವಲ್ಲ, ಪಾಠ ನಡೆಯುತ್ತಿರುವ ಯಾವುದಾದರೂ ವಾರದ ದಿನ, ಮಧ್ಯಾಹ್ನ ಎರಡರ ನಂತರ. ಹಿರಿಯ ತರಗತಿಗಳ ಪರೀಕ್ಷೆ ಇನ್ನೂ ಮುಗಿಯದ ಕಾರಣ ಕೆಲವು ಕಡೆ ಪ್ರಯೋಗಾಲಯಗಳು ತೆರೆದಿದ್ದವು.

ಮೊದಲನೆಯ ಕಾಲೇಜು ಬಹು ಸುಂದರವಾಗಿತ್ತು. ಲಿಫ್ಟಿನಲ್ಲಿ ಕರೆದೊಯ್ದು ಪ್ರಯೋಗಾಲಯ ತೋರಿಸಿದರು. ಬ್ಯೂರೆಟ್ಟುಗಳು ಸಾಲಾಗಿ ಫಳಫಳ ಹೊಳೆಯುತ್ತಿದ್ದವು. ಸಿಂಕುಗಳು ಒಣಗಿದ್ದವು, ಅವುಗಳ ಮೇಲೆ ಒಂದು ಕಲೆಯೂ ಇರಲಿಲ್ಲ. ರಸಾಯನಶಾಸ್ತ್ರದ ಮೇಜಿನ ಮೇಲೆ ಕಲೆಯಿಲ್ಲವೆಂದರೆ ಅದು ಹೊಗಳಬೇಕಾದ ಸ್ವಚ್ಛತೆಯಲ್ಲ. ಒಂದು ಸ್ಪೆಕ್ಟ್ರೋಮೀಟರಿಗೆ ಎಷ್ಟು ವಿದ್ಯಾರ್ಥಿಗಳೆಂದು ಕೇಳಿದ್ದಕ್ಕೆ ಜೊತೆಗಿದ್ದ ಯುವಕ, ‘ಅದು ಡೆಮೊ ಪೀಸ್ ಸರ್’ ಎಂದ. ಆತ ಮಾರುಕಟ್ಟೆ ವಿಭಾಗದವನೆಂದು ಆಮೇಲೆ ತಿಳಿಯಿತು.

ಎರಡನೆಯದರಲ್ಲಿ ನಮ್ಮನ್ನು ಒಳಗೆ ಬಿಡಲೇ ಇಲ್ಲ. ಅದೂ ಒಂದು ಉತ್ತರವೇ.

ಮೂರನೆಯದು ಹಳೆಯ ಕಾಲೇಜು. ಗೋಡೆಗೆ ಸುಣ್ಣ ಕಂಡು ವರ್ಷಗಳಾಗಿದ್ದವು. ಭೌತಶಾಸ್ತ್ರ ವಿಭಾಗದ ಕತ್ತಲೆ ಕೋಣೆಯಲ್ಲಿ ಸೋಡಿಯಂ ದೀಪದ ಹಳದಿ ಬೆಳಕು; ನಾಲ್ವರು ಹುಡುಗಿಯರು ಗ್ರೇಟಿಂಗ್ ಇಟ್ಟುಕೊಂಡು ತರಂಗಾಂತರ ಅಳೆಯುತ್ತಿದ್ದರು. ನಾನು ಯಾರೆಂದು ಕೇಳಿದ ಅಧ್ಯಾಪಕಿ, ಬಂದ ಕಾರಣ ತಿಳಿದ ಮೇಲೆ, ಅಟೆಂಡರ ಕಡೆ ತಿರುಗಿ ಹುಡುಗಿಗೆ ರೆಕಾರ್ಡುಗಳನ್ನು ತೋರಿಸಲು ಹೇಳಿದರು. ನಾವು ಲೋಲಕದ ಪ್ರಯೋಗ ಹುಡುಕಿದೆವು. ಒಂದರಲ್ಲಿ 969, ಇನ್ನೊಂದರಲ್ಲಿ 983, ಮತ್ತೊಂದರಲ್ಲಿ 976. ಪ್ರತಿಯೊಂದರ ಕೆಳಗೆ ದೋಷ ಎಲ್ಲಿ ನುಸುಳಿರಬಹುದೆಂದು ನಾಲ್ಕಾರು ಸಾಲು. ಒಂದು ಕಡೆ ಕೆಂಪು ಶಾಯಿಯಲ್ಲಿ ‘ಗಡಿಯಾರ ನಿಲ್ಲಿಸುವಾಗ ನಿನ್ನ ಕೈ ಎಷ್ಟು ತಡ ಮಾಡುತ್ತದೆ? ಅಳೆದು ಬರೆ’ ಎಂಬ ಷರಾ. ಮೂವತ್ತೈದು ವರ್ಷ ಕಡತಗಳ ಅಂಚಿನಲ್ಲಿ ಷರಾ ಬರೆದವನು ನಾನು. ಇಷ್ಟು ಒಳ್ಳೆಯ ಷರಾ ಒಂದನ್ನೂ ಬರೆದ ನೆನಪಿಲ್ಲ.

ಈ ಪುಸ್ತಕಗಳನ್ನು ನೋಡುವ ಹಕ್ಕು ಪಾಲಕರಿಗಿದೆಯೇ ಎಂದು ಕೆಲವರು ಕೇಳಬಹುದು. ಹಕ್ಕಿನ ಮಾತು ಬೇಡ; ವಿನಯದಿಂದ ಕೇಳಿದರೆ ಒಳ್ಳೆಯ ವಿಭಾಗದವರು ಸಂತೋಷದಿಂದ ತೋರಿಸುತ್ತಾರೆ. ಎಲ್ಲ ರೆಕಾರ್ಡುಗಳಲ್ಲೂ 981 ಇದ್ದರೆ ಪುಸ್ತಕ ಮುಚ್ಚಿ, ಕಾಫಿ ಕೊಟ್ಟಿದ್ದರೆ ಕುಡಿದು ಎದ್ದು ಬನ್ನಿ. ಹಾಗೆಯೇ ರಾಸಾಯನಿಕಗಳ ದಾಸ್ತಾನು ಪುಸ್ತಕ. ಖರ್ಚಿನ ಕಾಲಂ ವರ್ಷವಿಡೀ ಖಾಲಿಯಿದ್ದು ಪರೀಕ್ಷೆಯ ತಿಂಗಳಲ್ಲಿ ಮಾತ್ರ ತುಂಬಿದ್ದರೆ, ಅಲ್ಲಿ ಪ್ರಯೋಗ ನಡೆಯುವುದು ಪರೀಕ್ಷಕರಿಗಾಗಿ.

ಜೀವವಿಜ್ಞಾನ ಓದುವವರು ಕೇಳಬೇಕಾದ ಪ್ರಶ್ನೆ ಇನ್ನೂ ಸರಳ: ಕಳೆದ ವರ್ಷ ವಿದ್ಯಾರ್ಥಿಗಳನ್ನು ಕಾಡಿಗೆ ಕರೆದುಕೊಂಡು ಹೋಗಿದ್ದಿರಾ? ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಿದವರಿಗೆ ಈ ಪ್ರಶ್ನೆಯ ಮಹತ್ವ ವಿವರಿಸಬೇಕಿಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಓದಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಅವರು ಶಿಷ್ಯರನ್ನು ಕಟ್ಟಿಕೊಂಡು ಗಿಡಮರಗಳ ಹಿಂದೆ ಅಲೆದ ಆ ವೃತ್ತಾಂತ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಇಂದು ಎಷ್ಟೋ ಕಡೆ ಸಸ್ಯಶಾಸ್ತ್ರದ ಪ್ರವಾಸವೆಂದರೆ ಲಾಲ್‌ಬಾಗಿನಲ್ಲಿ ಒಂದು ಗುಂಪು ಛಾಯಾಚಿತ್ರ. ಹರ್ಬೇರಿಯಂ ಹಾಳೆಗಳನ್ನು ದುಡ್ಡಿಗೆ ಮಾಡಿಕೊಡುವವರೂ ಇದ್ದಾರೆಂದು ಕೇಳಿದ್ದೇನೆ.

ಪ್ರಯೋಗಾಲಯವಾದ ಮೇಲೆ ಅಧ್ಯಾಪಕರು. ಇಲ್ಲಿ ನಾನು ಸೇವೆ ಸಲ್ಲಿಸಿದ ಸರಕಾರದ ತಪ್ಪನ್ನೂ ಒಪ್ಪಿಕೊಳ್ಳಬೇಕು. ರಾಜ್ಯದ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳ ಪಾಠಪ್ರವಚನ ಬಹುಪಾಲು ನಿಂತಿರುವುದು ಹತ್ತು ಸಾವಿರಕ್ಕೂ ಮಿಕ್ಕ ಅತಿಥಿ ಉಪನ್ಯಾಸಕರ ಮೇಲೆ. 2023ರ ಕೊನೆಯಲ್ಲಿ ಸೇವೆ ಕಾಯಂ ಮಾಡಿರೆಂದು ಅವರು ವಾರಗಟ್ಟಲೆ ತರಗತಿ ಬಹಿಷ್ಕರಿಸಿದಾಗ ಎಷ್ಟೋ ಕಾಲೇಜುಗಳಲ್ಲಿ ಪಾಠವೇ ನಿಂತಿತು. ಹತ್ತು ಹದಿನೈದು ವರ್ಷ ಪಾಠ ಹೇಳಿದವರನ್ನೂ ‘ಅತಿಥಿ’ ಎಂದೇ ಕರೆಯುವ ಆತಿಥ್ಯ ಬೇರೆಲ್ಲೂ ಇರಲಾರದು. ಅವರಲ್ಲಿ ಅತ್ಯುತ್ತಮ ಅಧ್ಯಾಪಕರಿದ್ದಾರೆ. ಆದರೆ ಮುಂದಿನ ವರ್ಷ ತಾನು ಇರುತ್ತೇನೋ ಇಲ್ಲವೋ ಎಂದು ತಿಳಿಯದವರು ಮೂರು ವರ್ಷದ ವಿದ್ಯಾರ್ಥಿಯ ಹೊಣೆ ಹೇಗೆ ಹೊರುತ್ತಾರೆ? ಖಾಸಗಿ ಕಾಲೇಜುಗಳಲ್ಲೂ ಪರಿಸ್ಥಿತಿ ಬಹಳ ಬೇರೆಯಿಲ್ಲ. ಅಲ್ಲಿ ಅದು ವೃತ್ತಪತ್ರಿಕೆಗೆ ಬರುವುದಿಲ್ಲ, ಅಷ್ಟೆ. ಆದ್ದರಿಂದ ವಿಭಾಗದಲ್ಲಿ ಐದು ವರ್ಷಕ್ಕಿಂತ ಹೆಚ್ಚು ಕಾಲ ಇರುವವರು ಎಷ್ಟು ಮಂದಿ ಎಂದು ಕೇಳಿ. ಪ್ರಾಂಶುಪಾಲರನ್ನಲ್ಲ, ಅಟೆಂಡರನ್ನು ಕೇಳಿ.

ನ್ಯಾಕ್ ಶ್ರೇಣಿ ಇದೆಯಲ್ಲ ಎನ್ನುವವರಿದ್ದಾರೆ. 1994ರಲ್ಲಿ ಸ್ಥಾಪನೆಯಾದ ಈ ಮಂಡಳಿಯ ಕೇಂದ್ರ ಕಚೇರಿ ನಮ್ಮ ನಾಗರಬಾವಿಯಲ್ಲೇ ಇದೆ. ಶ್ರೇಣಿಯನ್ನು ತೀರಾ ಕಡೆಗಣಿಸಬೇಕಿಲ್ಲ. ಆದರೆ 2025ರ ಫೆಬ್ರುವರಿಯಲ್ಲಿ ಆಂಧ್ರದ ವಿಶ್ವವಿದ್ಯಾಲಯವೊಂದರ ಪ್ರಕರಣದಲ್ಲಿ ತಪಾಸಣಾ ತಂಡದ ಅಧ್ಯಕ್ಷರು, ಸದಸ್ಯರನ್ನೇ ಸಿಬಿಐ ಲಂಚದ ಆರೋಪದ ಮೇಲೆ ಬಂಧಿಸಿತೆಂಬುದನ್ನು ನೆನಪಿಡುವುದು ಒಳ್ಳೆಯದು. ಅಲ್ಲದೆ ಶ್ರೇಣಿ ಇಡೀ ಕಾಲೇಜಿನದು. ನೀವು ಸೇರುವುದು ಅದರ ಒಂದು ವಿಭಾಗಕ್ಕೆ. ‘ಎ ಪ್ಲಸ್’ ಕಾಲೇಜಿನಲ್ಲಿ ಬಿಸಿಎ, ಬಿಬಿಎಗಳು ಕಿಕ್ಕಿರಿದಿದ್ದು ಭೌತಶಾಸ್ತ್ರ ವಿಭಾಗ ಮೆಟ್ಟಿಲ ಕೆಳಗಿನ ಕೋಣೆಗೆ ಸರಿದಿರಬಹುದು.

‘ಐಐಎಸ್‌ಸಿ ಇದೆಯಲ್ಲ, ಅಲ್ಲಿಗೇ ಹೋಗಬಾರದೇ?’ ಎಂದು ಓದುಗರು ಆಗಲೇ ಅಂದುಕೊಂಡಿರಬೇಕು. 1909ರಲ್ಲಿ ಆರಂಭವಾದ ಆ ಸಂಸ್ಥೆ ಪಿಯುಸಿ ಮುಗಿಸಿದವರಿಗೆ ನಾಲ್ಕು ವರ್ಷದ ವಿಜ್ಞಾನ ಪದವಿ ತೆರೆದದ್ದು 2011ರಲ್ಲಿ. ನೂರೆರಡು ವರ್ಷ ಬೇಕಾಯಿತು. ಪದವಿಯೇನೋ ಉತ್ಕೃಷ್ಟವಾದದ್ದು. ಮೊದಲ ಮೂರು ಸೆಮಿಸ್ಟರ್ ಎಲ್ಲರೂ ಭೌತ, ರಸಾಯನ, ಜೀವವಿಜ್ಞಾನ, ಗಣಿತಗಳನ್ನು ಓದಿ ಆಮೇಲೆ ಒಂದನ್ನು ಆರಿಸಿಕೊಳ್ಳುತ್ತಾರೆ. ಕೊನೆಯ ವರ್ಷ ಸಂಶೋಧನೆ. ಆದರೆ ಸೀಟುಗಳು ಬಹಳ ಕಡಿಮೆ, ಸ್ಪರ್ಧೆ ಇಡೀ ದೇಶದ್ದು. ಇದರ ಜೊತೆಗೆ ಕೇಂದ್ರ ಸರಕಾರದ ಏಳು ಐಸರ್ ಸಂಸ್ಥೆಗಳಿವೆ. 2006ರಲ್ಲಿ ಪುಣೆ, ಕೋಲ್ಕತ್ತಗಳಲ್ಲಿ ಆರಂಭವಾಗಿ ಮೊಹಾಲಿ, ಭೋಪಾಲ, ತಿರುವನಂತಪುರ, ತಿರುಪತಿ, ಬ್ರಹ್ಮಪುರಗಳಿಗೆ ಹಬ್ಬಿದವು. ಕರ್ನಾಟಕಕ್ಕೆ ಒಂದೂ ಬರಲಿಲ್ಲ. ವಿಜ್ಞಾನ ಸಂಸ್ಥೆಗಳು ಇಲ್ಲಿ ಬೇಕಾದಷ್ಟಿವೆ ಎಂಬ ನಮ್ಮ ಹೆಮ್ಮೆಯೇ ಇಲ್ಲಿ ಅಡ್ಡ ಬಂದಿರಬಹುದೆಂದು ನನ್ನ ಗುಮಾನಿ.

ಐಸರ್‌ಗಳ ಪ್ರವೇಶ ಪರೀಕ್ಷೆ ಐಎಟಿ. ಅರವತ್ತು ಪ್ರಶ್ನೆ, ಭೌತ, ರಸಾಯನ, ಗಣಿತ, ಜೀವವಿಜ್ಞಾನ ಪ್ರತಿಯೊಂದಕ್ಕೂ ಹದಿನೈದು. ಅಂದರೆ ನಮ್ಮ ಪಿಸಿಎಂಬಿ ಮಕ್ಕಳಿಗೆ ಹೇಳಿ ಮಾಡಿಸಿದ ಪರೀಕ್ಷೆ. ಐಐಎಸ್‌ಸಿಯ ಆ ಪದವಿಗೂ ಇದು ಒಂದು ದಾರಿ. ಆದರೆ ಅರ್ಜಿಯ ಗಡುವು ಬರುವುದು ಪಿಯು ಪರೀಕ್ಷೆ, ಸಿಇಟಿ, ನೀಟ್‌ಗಳ ಗಲಾಟೆಯ ನಡುವೆ. ನಮ್ಮ ಹುಡುಗಿ ಆ ಪರೀಕ್ಷೆಯ ಹೆಸರು ಕೇಳಿದ್ದು ಗಡುವು ಮುಗಿದ ಮೇಲೆ. ಎರಡು ವರ್ಷ ಲಕ್ಷಗಟ್ಟಲೆ ಶುಲ್ಕ ಕಟ್ಟಿಸಿಕೊಂಡ ಪಿಯು ಕಾಲೇಜಿನಲ್ಲಿ ಯಾರೂ ಆ ಮಾತೆತ್ತಿರಲಿಲ್ಲ. ಫಲಕದ ಮೇಲೆ ಹಾಕಲು ಅವರಿಗೆ ಬೇಕಾದದ್ದು ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಶ್ರೇಯಾಂಕಗಳು ಮಾತ್ರ. ಪ್ರಥಮ ಪಿಯುಸಿಯಲ್ಲಿರುವ ಮಕ್ಕಳ ಪಾಲಕರು ಈ ಸಂಗತಿಯನ್ನು ಗುರುತು ಹಾಕಿಟ್ಟುಕೊಳ್ಳಲಿ ಎಂಬ ಒಂದು ಕಾರಣಕ್ಕೇ ನಾನು ಈ ಲೇಖನ ಬರೆಯಬಹುದಿತ್ತು.

ಆ ಬಾಗಿಲು ಮುಚ್ಚಿದರೆ ಎಲ್ಲವೂ ಮುಗಿಯಿತೇ? ಇಲ್ಲ. ಸಿ.ಎನ್.ಆರ್. ರಾವ್ 1951ರಲ್ಲಿ ಹದಿನೇಳನೆಯ ವಯಸ್ಸಿಗೆ ಬಿ.ಎಸ್‌ಸಿ. ಮುಗಿಸಿದ್ದು ನಮ್ಮ ಸೆಂಟ್ರಲ್ ಕಾಲೇಜಿನಲ್ಲಿ, ಮೈಸೂರು ವಿಶ್ವವಿದ್ಯಾಲಯದ ಸಾಧಾರಣ ಪದವಿ. ಆಗ ಕಾಲೇಜು ಮತ್ತು ವಿಜ್ಞಾನದ ನಡುವೆ ಇಂದಿನಷ್ಟು ಅಂತರವಿರಲಿಲ್ಲ. ಸ್ವಾತಂತ್ರ್ಯಾನಂತರ ನಾವು ಸಂಶೋಧನೆಯನ್ನು ಸಂಸ್ಥೆಗಳಿಗೂ ಪಾಠವನ್ನು ಕಾಲೇಜುಗಳಿಗೂ ಪಾಲು ಮಾಡಿಕೊಟ್ಟೆವು. ಅಣ್ಣತಮ್ಮಂದಿರ ಪಾಲಿನಂತೆಯೇ ಆಯಿತು: ಹಣ, ಉಪಕರಣ, ಗೌರವ ಒಬ್ಬನಿಗೆ; ಮಕ್ಕಳನ್ನು ಸಾಕುವ ಹೊಣೆ ಇನ್ನೊಬ್ಬನಿಗೆ.

ಈ ಗೋಡೆಯಲ್ಲಿ ಕಿಂಡಿ ಕೊರೆದವರೂ ಬೆಂಗಳೂರಿನಲ್ಲಿದ್ದರು. ಭೌತಶಾಸ್ತ್ರದ ಮೇಷ್ಟರಾಗಿದ್ದ ಎಚ್. ನರಸಿಂಹಯ್ಯನವರ ನ್ಯಾಷನಲ್ ಕಾಲೇಜಿನಲ್ಲಿ 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಹುಟ್ಟಿತು. ವಿಜ್ಞಾನಿಗಳು ವಾರವಾರ ಅಲ್ಲಿಗೆ ಬಂದು ಸಾಮಾನ್ಯರೆದುರು ಮಾತನಾಡುವ ಸಂಪ್ರದಾಯ ಬೆಳೆಯಿತು. ಜವಾಹರಲಾಲ್ ನೆಹರೂ ತಾರಾಲಯದಲ್ಲಿ ರೀಪ್ ಎಂಬ ಕಾರ್ಯಕ್ರಮವಿದೆ: ಬಿ.ಎಸ್‌ಸಿ. ಮಕ್ಕಳಿಗೆ ವಾರಾಂತ್ಯದಲ್ಲಿ ಭೌತಶಾಸ್ತ್ರದ ಪಾಠ, ಸಂಶೋಧನಾ ಸಂಸ್ಥೆಗಳವರಿಂದ. ರಾಮನ್ 1934ರಲ್ಲಿ ಇಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನಗಳ ಅಕಾಡೆಮಿ, ಉಳಿದೆರಡು ಅಕಾಡೆಮಿಗಳ ಜೊತೆಗೂಡಿ, ಪದವಿ ವಿದ್ಯಾರ್ಥಿಗಳನ್ನು ಬೇಸಿಗೆಯಲ್ಲಿ ಎರಡು ತಿಂಗಳು ವಿಜ್ಞಾನಿಯೊಬ್ಬರ ಬಳಿ ಕೆಲಸಕ್ಕೆ ಕಳುಹಿಸುವ ಫೆಲೋಶಿಪ್ ನಡೆಸುತ್ತ ಬಂದಿದೆ. ಜಕ್ಕೂರಿನ ಕೇಂದ್ರವೂ ಬಿ.ಎಸ್‌ಸಿ. ಮಕ್ಕಳಿಗೆಂದೇ ರಸಾಯನ, ಜೀವವಿಜ್ಞಾನಗಳಲ್ಲಿ ಬೇಸಿಗೆಯ ಕಾರ್ಯಕ್ರಮಗಳನ್ನು ರೂಪಿಸಿತು. ಪದವಿಯ ನಂತರ ಜಾಮ್ ಪರೀಕ್ಷೆ ಬರೆದು ಐಐಟಿಗಳ ಎಂ.ಎಸ್‌ಸಿ.ಗೋ ಐಐಎಸ್‌ಸಿಯ ಸಂಯೋಜಿತ ಪಿಎಚ್.ಡಿ.ಗೋ ಹೋಗಬಹುದು. ಸಾಧಾರಣ ಕಾಲೇಜಿನಿಂದ ಹೊರಟವರೂ ಅಲ್ಲಿ ತಲುಪಿದ್ದಾರೆ.

ಆದ್ದರಿಂದ ಕಾಲೇಜಿನಲ್ಲಿ ಕೇಳಬೇಕಾದ ಇನ್ನೊಂದು ಪ್ರಶ್ನೆ: ಕಳೆದ ಬೇಸಿಗೆಯಲ್ಲಿ ನಿಮ್ಮ ಎಷ್ಟು ಮಕ್ಕಳು ಇಂಥ ಫೆಲೋಶಿಪ್‌ಗಳಿಗೆ ಅರ್ಜಿ ಹಾಕಿದರು? ಆಯ್ಕೆಯಾದವರ ಸಂಖ್ಯೆ ಬೇಡ. ಅರ್ಜಿಗೆ ಅಧ್ಯಾಪಕರ ಶಿಫಾರಸು ಪತ್ರ ಬೇಕು. ಪತ್ರ ಬರೆಯುವ ಅಧ್ಯಾಪಕರಿಗೆ ವಿದ್ಯಾರ್ಥಿಯ ಹೆಸರಾದರೂ ತಿಳಿದಿರಬೇಕು. ಮೊದಲ ಕಾಲೇಜಿನ ಮಾರುಕಟ್ಟೆ ಯುವಕ ಈ ಪ್ರಶ್ನೆಗೆ ‘ಪ್ಲೇಸ್‌ಮೆಂಟ್ ಚೆನ್ನಾಗಿದೆ ಸರ್’ ಎಂದು ಉತ್ತರಿಸಿದ್ದ.

ವಿಷಯಗಳ ಜೋಡಣೆಯ ಬಗ್ಗೆ ಒಂದೇ ಮಾತು. ಜೀವವಿಜ್ಞಾನ ಇಷ್ಟವೆಂದು ಗಣಿತವನ್ನು ಪಿಯುಸಿಗೇ ಕೈಬಿಡುವುದು ನಮ್ಮಲ್ಲಿ ಮಾಮೂಲು. ಇಂದಿನ ಜೀವವಿಜ್ಞಾನ ಸಂಖ್ಯಾಶಾಸ್ತ್ರವಿಲ್ಲದೆ ಒಂದು ಹೆಜ್ಜೆಯೂ ಇಡುವುದಿಲ್ಲ. ಗಣಿತವನ್ನೋ ಸಂಖ್ಯಾಶಾಸ್ತ್ರವನ್ನೋ ಜೊತೆಗಿಟ್ಟುಕೊಳ್ಳಲು ಬಿಡುವ ಕಾಲೇಜು ಸಿಕ್ಕರೆ ಅದಕ್ಕೆ ಹೆಚ್ಚಿನ ಅಂಕ ಕೊಡಿ. ಇನ್ನು ಮೂರು ವರ್ಷವೋ ನಾಲ್ಕೋ ಎಂಬ ಗೊಂದಲ ಸರಕಾರದ ಕೊಡುಗೆ. 2021-22ರಲ್ಲಿ ರಾಷ್ಟ್ರೀಯ ನೀತಿಯಂತೆ ನಾಲ್ಕು ವರ್ಷದ ಪದವಿಯನ್ನು ದೇಶದಲ್ಲೇ ಮೊದಲು ತಂದವರು ನಾವು. 2024-25ರಲ್ಲಿ ಮೂರು ವರ್ಷಕ್ಕೆ ಮರಳಿದವರೂ ನಾವು. ನಡುವೆ ಸಿಕ್ಕಿಕೊಂಡ ಮೂರು ತಂಡದ ಮಕ್ಕಳನ್ನು ಯಾರೂ ಏನೂ ಕೇಳಲಿಲ್ಲ. ಪಠ್ಯಕ್ರಮ ಬದಲಿಸುವ ಕಡತಗಳು ಎಷ್ಟು ವೇಗವಾಗಿ ಓಡುತ್ತವೆ, ಪ್ರಯೋಗಾಲಯದ ಅನುದಾನದ ಕಡತ ಎಷ್ಟು ನಿಧಾನವಾಗಿ ತೆವಳುತ್ತದೆ ಎಂಬುದನ್ನು ಒಳಗಿದ್ದು ನೋಡಿದವನು ನಾನು.

ತಂದೆಯ ಪ್ರಶ್ನೆಗೆ ಮರಳುತ್ತೇನೆ. ಅದು ದಡ್ಡ ಪ್ರಶ್ನೆಯಲ್ಲ. ಅದನ್ನು ಹಗುರವಾಗಿ ನೋಡುವವರು ಸಾಮಾನ್ಯವಾಗಿ ಎರಡು ಮನೆ ಇರುವವರು. ಬಿ.ಎಸ್‌ಸಿ. ಮೂರು ವರ್ಷ, ಎಂ.ಎಸ್‌ಸಿ. ಎರಡು, ಪಿಎಚ್.ಡಿ. ಐದೋ ಆರೋ. ಇಪ್ಪತ್ತೆಂಟು ದಾಟುವವರೆಗೆ ನೆಲೆ ಕಾಣುವುದಿಲ್ಲ. ಕಿರಿಯ ಸಂಶೋಧಕರ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಅದೂ ಸಕಾಲಕ್ಕೆ ಬರುವುದಿಲ್ಲವೆಂಬ ದೂರು ಆಗಾಗ ಕೇಳಿಬರುತ್ತದೆ. ಆಮೇಲೆ ಕಾಯಂ ಹುದ್ದೆ ಸಿಗುತ್ತದೆಂಬ ಭರವಸೆಯಿಲ್ಲ. ಇದನ್ನೆಲ್ಲ ನಾನು ಅವರಿಗೆ ಮುಚ್ಚಿಡಲಿಲ್ಲ. ಎಂಜಿನಿಯರಿಂಗ್ ಪದವಿಗೆ ಖಾಸಗಿ ಕಾಲೇಜಿನಲ್ಲಿ ನಾಲ್ಕು ವರ್ಷಕ್ಕೆ ಅವರು ತೆರಬೇಕಾದ ಶುಲ್ಕವನ್ನು ಕಾಗದದ ಇನ್ನೊಂದು ಬದಿಯಲ್ಲಿ ಅವರಿಂದಲೇ ಬರೆಸಿದೆ. ಹಳೆಯ ಕಾಲೇಜಿನ ಬಿ.ಎಸ್‌ಸಿ.ಯ ಇಡೀ ವೆಚ್ಚ ಅದರ ಒಂದು ಸೆಮಿಸ್ಟರಿಗೂ ಸಮನಾಗಿರಲಿಲ್ಲ. ‘ಉಳಿದ ದುಡ್ಡು ಇಡಿ. ಇಪ್ಪತ್ತೊಂದಕ್ಕೆ ಅವಳು ಮನಸ್ಸು ಬದಲಿಸಿದರೆ ಆಗ ಎಂಸಿಎಗೋ ಬಿ.ಎಡ್.ಗೋ ಬೇಕಾಗುತ್ತದೆ’ ಎಂದೆ. ಅವರು ಸುಮ್ಮನೆ ಕಾಗದ ಮಡಿಸಿ ಜೇಬಿಗಿಟ್ಟುಕೊಂಡರು. ಮನೆಯಲ್ಲಿ ಏನು ಮಾತಾಯಿತೋ ತಿಳಿಯದು. ಹದಿನೈದು ದಿನಗಳ ನಂತರ ಹುಡುಗಿ ಅರ್ಜಿ ತುಂಬಿದ ಸುದ್ದಿ ಬಂತು, ಮೂರನೆಯ ಕಾಲೇಜಿಗೆ.

ಆ ಕಾಲೇಜಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ನಾನು ನೋಡಿದ್ದು ಒಂದು ವಿಭಾಗ, ಒಬ್ಬ ಅಧ್ಯಾಪಕಿ, ಒಂದು ಮಧ್ಯಾಹ್ನ. ನಾಳೆ ಅವರು ನಿವೃತ್ತರಾದರೆ ಆ ಕತ್ತಲೆ ಕೋಣೆಯ ಸೋಡಿಯಂ ದೀಪವೂ ಆರಬಹುದು. ನಿಮ್ಮ ಮಗುವಿನ ಕಾಲೇಜನ್ನು ನೀವೇ ಹೋಗಿ ನೋಡಬೇಕು. ಹೇಗೂ ಇಂದಿರಾನಗರ ನಿಲ್ದಾಣದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಒಂದು ದಿಕ್ಕಿನಲ್ಲಿ ಸೆಂಟ್ರಲ್ ಕಾಲೇಜು ನಿಲ್ದಾಣ, ಇನ್ನೊಂದು ದಿಕ್ಕಿನಲ್ಲಿ ಕೆ.ಆರ್. ಪುರ, ಮೆಜೆಸ್ಟಿಕ್‌ನಲ್ಲಿ ಬದಲಿಸಿದರೆ ನ್ಯಾಷನಲ್ ಕಾಲೇಜು. ದಿನಕ್ಕೆ ಮೂರು ತಾಸು ಬಸ್ಸಿನಲ್ಲಿ ಕಳೆಯುವ ವಿದ್ಯಾರ್ಥಿ ಸಂಜೆ ಪ್ರಯೋಗಾಲಯದಲ್ಲಿ ಉಳಿಯಲಾರಳು. ಕಾಲೇಜಿನ ದೂರವೂ ಅದರ ಗುಣಗಳಲ್ಲೊಂದು.

ದಸರಾ ರಜೆಗೆ ಮುನ್ನ ಒಂದು ಸಂಜೆ ತಂದೆ, ಮಗಳು ಮತ್ತೆ ಬಂದಿದ್ದರು. ಅವಳ ಕೈಯಲ್ಲಿ ರೆಕಾರ್ಡ್ ಪುಸ್ತಕ. ಲೋಲಕದ ಪ್ರಯೋಗ ಆಗಿತ್ತು, ಉತ್ತರ 971. ಕೆಳಗೆ ಅದೇ ಕೆಂಪು ಶಾಯಿ: ‘ಇಪ್ಪತ್ತರ ಬದಲು ಐವತ್ತು ಆಂದೋಲನ ಎಣಿಸಿ ನೋಡು. ಏನು ಬದಲಾಯಿತು ಬರೆ.’ ಅದರ ಕೆಳಗೆ ಸಹಿ.

ತಂದೆ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಕಾರ್ಖಾನೆಯಲ್ಲಿ ಮೈಕ್ರೋಮೀಟರ್ ಹಿಡಿದು ಇಪ್ಪತ್ತೈದು ವರ್ಷ ಬಿಡಿಭಾಗಗಳನ್ನು ಪರೀಕ್ಷಿಸಿದವರು ಅವರು. ‘ಉತ್ತರ ತಪ್ಪಿದ್ರೂ ಸಹಿ ಹಾಕಿದಾರಲ್ಲ ಸರ್’ ಎಂದರು. ಮಗಳು, ‘ತಪ್ಪಲ್ಲ ಅಪ್ಪಾ, ಅಳತೆ’ ಎಂದಳು.